ನೀಲಿ ದೀಪ ಹೇಳಿದ್ದೆಲ್ಲ ನಿಜವೇ?



ಈ ಪಾಠದಲ್ಲಿ ಒಂದು ನೋಟಿನ ಕಥೆ ಇದೆ. ಇದು ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬರಿಗೆ ಆದದ್ದು. ಅವರ ಹೆಸರು ಬೇಡ. ಅಕ್ಕ ಎಂದೇ ಕರೆಯೋಣ. ಓದುವಾಗ ಒಂದು ಐನೂರರ ನೋಟು ಇದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ನೂರರ ನೋಟು ಸಾಕು. ನೋಡಿ ನೋಡಿ ಓದಿದರೆ ಪಾಠ ಬೇಗ ತಿಳಿಯುತ್ತದೆ.

ಸಂತೆ ದಿನ ನಡೆದದ್ದು

ಅಕ್ಕ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. ಅದು ಕೊಯ್ಲಿನ ಕಾಲ. ಬೆಳಗಿನಿಂದ ಸಂಜೆವರೆಗೆ ಹಣ್ಣು ಬಿಡಿಸುವ ಕೆಲಸ. ಬಟವಾಡೆ ದಿನ ರೈಟರು ಲೆಕ್ಕ ಓದಿ ಹಣ ಕೊಟ್ಟರು. ಅಕ್ಕ ಈಗ ಹೆಬ್ಬೆಟ್ಟು ಒತ್ತುವುದಿಲ್ಲ. ಸಹಿ ಹಾಕಿದರು. ಹಣ ಎಣಿಸಿಕೊಂಡರು. ಅದರಲ್ಲಿ ಒಂದು ಐನೂರರ ನೋಟನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡರು. ಮಗಳಿಗೆ ಸ್ವೆಟರ್ ತರಬೇಕಿತ್ತು. ನಮ್ಮ ಕಡೆಯ ಚಳಿ ನಿಮಗೆ ಗೊತ್ತೇ ಇದೆ.

ಮನೆಗೆ ಬಂದವರು ದಣಿದಿದ್ದರು. ಸೀರೆಯನ್ನು ಸೋಪಿನ ಪುಡಿ ಹಾಕಿ ಬಕೆಟ್ಟಿನಲ್ಲಿ ನೆನೆಹಾಕಿದರು. ಗಂಟು ಮರೆತೇಹೋಗಿತ್ತು. ಬೆಳಿಗ್ಗೆ ಸೀರೆ ಹಿಂಡುವಾಗ ನೋಟು ಕೈಗೆ ಸಿಕ್ಕಿತು. ಹರಿದಿರಲಿಲ್ಲ. ಒಲೆಯ ಪಕ್ಕ ಒಣಗಿಸಿ, ಮಡಿಸಿ ಇಟ್ಟುಕೊಂಡರು.

ಸಂತೆ ದಿನ ಪೇಟೆಗೆ ಹೋದರು. ಒಂದು ಬಟ್ಟೆ ಅಂಗಡಿಯಲ್ಲಿ ಸ್ವೆಟರ್ ಆರಿಸಿದರು. ನೋಟು ಕೊಟ್ಟರು. ಅಂಗಡಿಯವರ ಮೇಜಿನ ಮೇಲೆ ಒಂದು ಸಣ್ಣ ಪೆಟ್ಟಿಗೆ ಇತ್ತು. ಅದರಲ್ಲಿ ನೀಲಿ ದೀಪ. ಅವರು ನೋಟನ್ನು ದೀಪದ ಕೆಳಗೆ ಹಿಡಿದರು. ನೋಟು ಪೂರಾ ಬೆಳ್ಳಗೆ, ನೀಲಿಯಾಗಿ ಹೊಳೆಯಿತು.

"ಇದು ಕಳ್ಳನೋಟು ಕಣಮ್ಮ. ನಡಿಯಲ್ಲ" ಅಂದರು.

"ಅಯ್ಯೋ, ತೋಟದ ಬಟವಾಡೆ ದುಡ್ಡು ಸ್ವಾಮಿ. ನಾನ್ಯಾಕೆ ಕಳ್ಳನೋಟು ತರಲಿ?"

"ನನ್ನ ಕೇಳಬೇಡ. ದೀಪ ಹೇಳ್ತಾ ಐತೆ ನೋಡು."

ನಾಲ್ಕು ಜನ ಸೇರಿದರು. ಎಲ್ಲರೂ ಅಕ್ಕನ ಮುಖ ನೋಡಿದರು. ಅಕ್ಕನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಒಬ್ಬರು ಹತ್ತಿರ ಬಂದು ಪಿಸುಮಾತಿನಲ್ಲಿ ಹೇಳಿದರು. "ಸುಮ್ನೆ ಇಟ್ಕೊ. ಸಂಜೆ ಕತ್ತಲಾದ ಮೇಲೆ ತರಕಾರಿಯವಳಿಗೆ ದಾಟಿಸಿಬಿಡು. ಅವಳ ಹತ್ರ ದೀಪ ಇಲ್ಲ."

ಅಕ್ಕ ಹಾಗೆ ಮಾಡಲಿಲ್ಲ. "ಅವಳೂ ನನ್ನಂಗೆ ದುಡಿಯೋಳೇ ಅಲ್ವಾ" ಎಂದು ಸ್ವೆಟರ್ ಬಿಟ್ಟು ಮನೆಗೆ ಬಂದರು.

ಸಂಜೆ ತರಗತಿಯಲ್ಲಿ

ಸಂಜೆ ಅಕ್ಕ ಕಲಿಕಾ ಕೇಂದ್ರಕ್ಕೆ ಬಂದರು. ಪುಸ್ತಕ ತೆಗೆಯಲಿಲ್ಲ. ನೋಟು ತೆಗೆದು ನನ್ನ ಮುಂದೆ ಇಟ್ಟರು. ನಡೆದದ್ದನ್ನು ಹೇಳಿದರು. ಕೊನೆಗೆ ಒಂದು ಮಾತು ಅಂದರು.

"ಟೀಚರೇ, ಒಂದು ಕೇಳ್ತೀನಿ. ಆ ದೀಪದ ಹತ್ರ ಅಂಗಡಿಯವರ ಬಿಳಿ ಅಂಗಿ ತೋಳೂ ಹಂಗೇ ಹೊಳೀತಾ ಇತ್ತು. ಅಂಗಿನೂ ಕಳ್ಳದ್ದಾ?"

ಎಲ್ಲರೂ ನಕ್ಕರು. ಆದರೆ ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಆ ಪ್ರಶ್ನೆಯಲ್ಲೇ ಇತ್ತು.

ಆ ದಿನ ನಾವು ಬೇರೆ ಪಾಠ ಮಾಡಲಿಲ್ಲ. ಆ ನೋಟನ್ನೇ ಓದಿದೆವು. ನೀವೂ ನಿಮ್ಮ ನೋಟು ತೆಗೆದು ನೋಡಿ.

ಮೊದಲು ಓದಿ. ನೋಟಿನ ಹಿಂಬದಿಯಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ 15 ಭಾಷೆಗಳಲ್ಲಿ ನೋಟಿನ ಬೆಲೆ ಬರೆದಿದೆ. ಮೇಲಿನಿಂದ ನಾಲ್ಕನೇ ಸಾಲು ಕನ್ನಡ. 'ಐನೂರು ರೂಪಾಯಿಗಳು' ಎಂದು ಇದೆಯೇ? ಅಕ್ಷರ ಬಹಳ ಸಣ್ಣದು. ಬೆಳಕಿಗೆ ಹೋಗಿ ಓದಿ. ಎಷ್ಟೋ ವರ್ಷದಿಂದ ಈ ನೋಟು ನಮ್ಮ ಕೈಯಲ್ಲಿ ಓಡಾಡುತ್ತಿದೆ. ಅದರ ಮೇಲೆ ಕನ್ನಡ ಇದೆ ಎಂದು ಆ ದಿನ ಅಕ್ಕನಿಗೆ ತಿಳಿಯಿತು.

ಆಮೇಲೆ ಬೆಳಕಿಗೆ ಹಿಡಿಯಿರಿ. ಮುಂಬದಿಯ ಬಲಗಡೆ ಖಾಲಿ ಜಾಗ ಇದೆ. ಬೆಳಕಿಗೆ ಹಿಡಿದರೆ ಅಲ್ಲಿ ಗಾಂಧೀಜಿಯ ಮುಖ ಮತ್ತು 500 ಎಂಬ ಅಂಕಿ ಕಾಣುತ್ತವೆ. ಇದಕ್ಕೆ ನೀರುಗುರುತು ಎನ್ನುತ್ತಾರೆ. ಇದನ್ನು ಮೇಲೆ ಅಚ್ಚು ಹಾಕಿದ್ದಲ್ಲ. ಕಾಗದ ಮಾಡುವಾಗಲೇ ಒಳಗೆ ಮೂಡಿಸಿದ್ದು.

ಮೂರನೆಯದು, ಓರೆ ಮಾಡಿ ನೋಡಿ. ನೋಟಿನಲ್ಲಿ ಒಂದು ಹೊಳೆಯುವ ದಾರ ಇದೆ. ನೇರ ಹಿಡಿದರೆ ಹಸಿರು. ಓರೆ ಮಾಡಿದರೆ ನೀಲಿ. ಕೆಳಗೆ ಬಲಗಡೆ ಇರುವ ದೊಡ್ಡ 500 ಎಂಬ ಅಂಕಿಯೂ ಹಾಗೆಯೇ ಬಣ್ಣ ಬದಲಿಸುತ್ತದೆ. ನೂರರ ನೋಟಿನಲ್ಲಿ ದಾರ ಮಾತ್ರ ಬಣ್ಣ ಬದಲಿಸುತ್ತದೆ.

ನಾಲ್ಕನೆಯದು, ಮುಟ್ಟಿ ನೋಡಿ. ಗಾಂಧೀಜಿಯ ಚಿತ್ರದ ಮೇಲೆ ಬೆರಳಾಡಿಸಿ. ಅಚ್ಚು ಸ್ವಲ್ಪ ಉಬ್ಬಿರುತ್ತದೆ. ಐನೂರರ ನೋಟಿನ ಎರಡೂ ಅಂಚಿನಲ್ಲಿ ಐದೈದು ಓರೆ ಗೆರೆಗಳಿವೆ. ನೂರರ ನೋಟಿನಲ್ಲಿ ನಾಲ್ಕು ನಾಲ್ಕು. ಅವೂ ಉಬ್ಬಿರುತ್ತವೆ. ಕಣ್ಣು ಕಾಣದವರು ಇವನ್ನೇ ಮುಟ್ಟಿ ನೋಟು ಗುರುತಿಸುತ್ತಾರೆ. ಹಳೆಯ ನೋಟಿನಲ್ಲಿ ಉಬ್ಬು ಸವೆದಿರಬಹುದು.

ಅಕ್ಕನ ನೋಟಿನಲ್ಲಿ ಮುಖ ಇತ್ತು. ದಾರ ಇತ್ತು. ಬಣ್ಣ ಬದಲಾಗುತ್ತಿತ್ತು. ಗೆರೆ ಬೆರಳಿಗೆ ತಾಗುತ್ತಿತ್ತು. ಹಾಗಾದರೆ ದೀಪ ಯಾಕೆ ಹಾಗೆ ಹೇಳಿತು?

ನೇರಳೆಯ ಆಚೆಗಿನ ಬೆಳಕು

ಮಳೆ ನಿಂತು ಬಿಸಿಲು ಬಂದಾಗ ಬೆಟ್ಟದ ಮೇಲೆ ಕಾಮನಬಿಲ್ಲು ನೋಡಿದ್ದೀರಿ. ಒಂದು ಅಂಚಿನಲ್ಲಿ ಕೆಂಪು. ಇನ್ನೊಂದು ಅಂಚಿನಲ್ಲಿ ನೇರಳೆ. ನೇರಳೆಯ ಆಚೆಗೂ ಬೆಳಕು ಇದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. 1801ರಲ್ಲಿ ಜರ್ಮನಿಯ ಯೋಹಾನ್ ರಿಟ್ಟರ್ ಎಂಬ ವಿಜ್ಞಾನಿ ಅದನ್ನು ಕಂಡುಹಿಡಿದರು. ಅದರ ಹೆಸರು ನೇರಳಾತೀತ ಬೆಳಕು. ಈ ಪದವನ್ನು ಬಿಡಿಸಿ ಓದಿ: ನೇರಳೆ, ಅತೀತ. ಅತೀತ ಎಂದರೆ ಆಚೆಗೆ ಇರುವುದು.

ಈ ಬೆಳಕು ಸೂರ್ಯನಿಂದ ಬರುತ್ತದೆ. ಬಿಸಿಲಿನಲ್ಲಿ ಕೆಲಸ ಮಾಡಿದರೆ ಮೈ ಕಪ್ಪಾಗುವುದು ಇದರಿಂದಲೇ. ಅಂಗಡಿಯ ಆ ಸಣ್ಣ ದೀಪವೂ ಇದೇ ಬೆಳಕನ್ನು ಕೊಡುತ್ತದೆ. ಜೊತೆಗೆ ಸ್ವಲ್ಪ ನೀಲಿ ನೇರಳೆ ಬಣ್ಣವೂ ಬರುತ್ತದೆ. ನಮಗೆ ಕಾಣುವುದು ಅಷ್ಟೇ.

ಕೆಲವು ವಸ್ತುಗಳಿಗೆ ಒಂದು ಗುಣ ಇದೆ. ಕಾಣದ ಬೆಳಕನ್ನು ನುಂಗಿ, ಕಾಣುವ ಬೆಳಕನ್ನು ಹೊರಗೆ ಬಿಡುತ್ತವೆ. ಆಗ ಅವು ಕತ್ತಲಲ್ಲಿ ಹೊಳೆದಂತೆ ಕಾಣುತ್ತವೆ. ನಮ್ಮ ಅಡುಗೆಮನೆಯ ಅರಿಶಿನಕ್ಕೆ ಈ ಗುಣ ಇದೆ. ಆ ದೀಪದ ಕೆಳಗೆ ಅರಿಶಿನ ಹಳದಿಯಾಗಿ ಹೊಳೆಯುತ್ತದೆ. ತೋಟದ ಕಲ್ಲಿನ ಸಂದಿಯಲ್ಲಿ ಇರುವ ಚೇಳಿಗೂ ಈ ಗುಣ ಇದೆ. ರಾತ್ರಿ ಈ ಬೆಳಕು ಬಿಟ್ಟರೆ ಚೇಳು ಹಸಿರು ನೀಲಿಯಾಗಿ ಹೊಳೆಯುತ್ತದೆ.

ಸೋಪಿನ ಪುಡಿಗೂ ಈ ಗುಣ ಇದೆ. ಬಟ್ಟೆ ಇನ್ನೂ ಬೆಳ್ಳಗೆ ಕಾಣಲಿ ಎಂದು ಹಲವು ಸೋಪಿನ ಪುಡಿಗಳಲ್ಲಿ ಹೊಳಪಿನ ರಾಸಾಯನಿಕ ಬೆರೆಸಿರುತ್ತಾರೆ. ಅದು ಬಿಸಿಲಿನ ನೇರಳಾತೀತ ಬೆಳಕನ್ನು ನುಂಗಿ ನೀಲಿ ಬೆಳಕು ಬಿಡುತ್ತದೆ. ಅದಕ್ಕೇ ಒಗೆದ ಬಿಳಿ ಬಟ್ಟೆ ಬಿಸಿಲಲ್ಲಿ ಅಷ್ಟು ಬೆಳ್ಳಗೆ ಕಾಣುವುದು. ಶಾಲೆಯ ಬಿಳಿ ಹಾಳೆ, ಜೆರಾಕ್ಸ್ ಹಾಳೆಗಳಲ್ಲಿಯೂ ಇಂಥದೇ ರಾಸಾಯನಿಕ ಇರುತ್ತದೆ.

ಅಂಗಡಿಯವರ ಅಂಗಿ ಯಾಕೆ ಹೊಳೆಯಿತು? ಈಗ ನೀವೇ ಹೇಳಿ.

ನೋಟು ಹೊಳೆಯಬೇಕೇ, ಬೇಡವೇ?

ನಮ್ಮ ನೋಟು ಸಾಮಾನ್ಯ ಕಾಗದದ್ದಲ್ಲ. ಅದು ಹತ್ತಿಯ ನಾರಿನಿಂದ ಮಾಡಿದ ಕಾಗದ. ಅದರಲ್ಲಿ ಹೊಳಪಿನ ರಾಸಾಯನಿಕ ಬೆರೆಸುವುದಿಲ್ಲ. ಆದ್ದರಿಂದ ಅಸಲಿ ನೋಟನ್ನು ನೇರಳಾತೀತ ಬೆಳಕಿಗೆ ಹಿಡಿದರೆ ಕಾಗದ ಮಂಕಾಗಿಯೇ ಇರುತ್ತದೆ. ಹೊಳೆಯುವುದು ಕೆಲವು ಗುರುತುಗಳು ಮಾತ್ರ. ಒಂದು, ನೋಟಿನ ನಂಬರು. ಅದನ್ನು ಹೊಳೆಯುವ ಶಾಯಿಯಲ್ಲಿ ಅಚ್ಚು ಹಾಕಿರುತ್ತಾರೆ. ಇನ್ನೊಂದು, ಕಾಗದದ ಒಳಗೆ ಅಲ್ಲಲ್ಲಿ ಸೇರಿಸಿದ ಸಣ್ಣ ಸಣ್ಣ ಎಳೆಗಳು. ಅವು ಕೂದಲಿನ ತುಂಡಿನ ಹಾಗೆ ಕಾಣುತ್ತವೆ.

ಅಂಗಡಿಯ ಸಾಮಾನ್ಯ ಕಾಗದದಲ್ಲಿ ಕಳ್ಳನೋಟು ಮಾಡಿದರೆ ಕಾಗದ ಪೂರಾ ಹೊಳೆಯುತ್ತದೆ. ನಂಬರು ಹೊಳೆಯದೇ ಇರಬಹುದು. ಈ ವ್ಯತ್ಯಾಸ ನೋಡಲೆಂದೇ ಬ್ಯಾಂಕುಗಳಲ್ಲಿ ಈ ದೀಪ ಅಥವಾ ನೋಟು ಪರೀಕ್ಷಿಸುವ ಯಂತ್ರ ಇಟ್ಟಿರುತ್ತಾರೆ.

ಆದರೆ ಅಕ್ಕನ ನೋಟು ರಾತ್ರಿಯೆಲ್ಲ ಸೋಪಿನ ನೀರಲ್ಲಿ ನೆನೆದಿತ್ತು. ನೋಟು ಹತ್ತಿಯದು. ಸೋಪಿನ ಹೊಳಪು ಹತ್ತಿಯ ಸೀರೆಗೆ ಅಂಟುವ ಹಾಗೆಯೇ ನೋಟಿಗೂ ಅಂಟಿತು. ಅಂಗಡಿಯವರು ಸುಳ್ಳು ಹೇಳಲಿಲ್ಲ. ದೀಪವೂ ಸುಳ್ಳು ಹೇಳಲಿಲ್ಲ. ದೀಪ ಹೇಳಿದ್ದು 'ಇದು ಹೊಳೆಯುತ್ತಿದೆ' ಎಂದು ಮಾತ್ರ. 'ಇದು ಕಳ್ಳನೋಟು' ಎಂದು ಹೇಳಿದ್ದು ಮನುಷ್ಯರು.

ಇನ್ನೊಂದು ಮಾತು. ಹೊಳೆಯುವ ಶಾಯಿಯನ್ನು ಕಳ್ಳನೋಟು ಮಾಡುವವರೂ ಬಳಸಬಹುದು. ಆದ್ದರಿಂದ ಹೊಳೆದದ್ದೆಲ್ಲ ಖೋಟಾ ಅಲ್ಲ. ನಂಬರು ಹೊಳೆಯಿತು ಎಂದು ಅಸಲಿಯೂ ಅಲ್ಲ. ಒಂದೇ ಗುರುತು ನೋಡಿ ತೀರ್ಮಾನ ಮಾಡಬಾರದು. ಎಲ್ಲ ಗುರುತೂ ನೋಡಬೇಕು.

ನಮ್ಮ ನೋಟು ಎಲ್ಲಿ ಅಚ್ಚಾಗುತ್ತದೆ?

ಇಂಥ ನೋಟು ಮಾಡುವ ಜಾಗ ನಮಗೆ ದೂರವಿಲ್ಲ. ಸಕಲೇಶಪುರದಲ್ಲಿ ರೈಲು ಹತ್ತಿದರೆ ಆಲೂರು, ಹಾಸನ ದಾಟಿ ಮೈಸೂರು ಸಿಗುತ್ತದೆ. ದೇಶದಲ್ಲಿ ನೋಟು ಅಚ್ಚು ಹಾಕುವ ಮುದ್ರಣಾಲಯಗಳು ನಾಲ್ಕು. ನಾಸಿಕ್, ದೇವಾಸ್, ಸಾಲ್ಬೋನಿ ಮತ್ತು ನಮ್ಮ ಮೈಸೂರು. ಮೈಸೂರಿನ ಮುದ್ರಣಾಲಯವನ್ನು ರಿಸರ್ವ್ ಬ್ಯಾಂಕಿನ ಕಂಪನಿ ನಡೆಸುತ್ತದೆ. ಆ ಕಂಪನಿ ಶುರುವಾದದ್ದು 1995ರಲ್ಲಿ. ನೋಟಿನ ಕಾಗದ ಮಾಡುವ ಕಾರ್ಖಾನೆಯೂ ಮೈಸೂರಿನಲ್ಲಿದೆ. ನೋಟಿನ ಶಾಯಿ ಮಾಡುವ 'ವರ್ಣಿಕಾ' ಎಂಬ ಘಟಕ ಕೂಡ ಅಲ್ಲೇ 2022ರಲ್ಲಿ ಆರಂಭವಾಯಿತು. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ. ಐವತ್ತರ ಹೊಸ ನೋಟಿನ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ ಇದೆ. ಅದನ್ನೂ ಒಮ್ಮೆ ನೋಡಿ.

ಬ್ಯಾಂಕಿನಲ್ಲಿ

ಮಾರನೆಯ ದಿನ ಅಕ್ಕ ಅರ್ಧ ದಿನ ರಜೆ ಹಾಕಿದರು. ನಾನೂ ಜೊತೆಗೆ ಹೋದೆ. "ನೀವು ಮಾತಾಡಿ ಟೀಚರೇ" ಅಂದರು. "ಬೇಡ, ನೋಟು ನಿಮ್ಮದು. ನೀವೇ ಮಾತಾಡಿ" ಅಂದೆ.

ಅಕ್ಕ ಕೌಂಟರಿಗೆ ಹೋಗಿ ನೋಟು ಕೊಟ್ಟರು. "ಸಾರ್, ಇದು ಸೋಪಿನ ನೀರಲ್ಲಿ ನೆನೆದೈತೆ. ಅಂಗಡೀಲಿ ಕಳ್ಳನೋಟು ಅಂದ್ರು. ಪರೀಕ್ಷೆ ಮಾಡಿ ಹೇಳಿ" ಅಂದರು.

ಕ್ಯಾಷಿಯರ್ ನೋಟನ್ನು ಬೆಳಕಿಗೆ ಹಿಡಿದರು. ಬೆರಳಾಡಿಸಿದರು. ದೀಪದ ಕೆಳಗೂ ಇಟ್ಟು ನೋಡಿದರು. ಕಾಗದ ಹೊಳೆಯಿತು. ಆದರೆ ನಂಬರು ಬೇರೆ ಬಣ್ಣದಲ್ಲಿ ಚೆನ್ನಾಗಿ ಹೊಳೆಯುತ್ತಿತ್ತು. ಎಳೆಗಳೂ ಕಂಡವು. "ಅಸಲಿ ನೋಟೇ ಅಮ್ಮ. ಇನ್ನು ಮೇಲೆ ದುಡ್ಡು ಒಗೀಬೇಡಿ" ಎಂದು ನಕ್ಕು ಬೇರೆ ನೋಟು ಕೊಟ್ಟರು.

ಅಕ್ಕ ಸೀದಾ ಆ ಬಟ್ಟೆ ಅಂಗಡಿಗೆ ಹೋದರು. ಸ್ವೆಟರ್ ಕೊಂಡರು. "ಸ್ವಾಮಿ, ನಿನ್ನೆ ನೋಟು ಅಸಲಿ ಅಂತ ಬ್ಯಾಂಕಲ್ಲಿ ಹೇಳಿದ್ರು. ಸೋಪು ಅಂಟಿತ್ತಂತೆ. ನಿಮ್ಮ ಅಂಗಿಗೂ ಅಂಟೈತೆ, ದೀಪದ ಕೆಳಗೆ ಇಟ್ಟು ನೋಡಿ" ಅಂದರು. ಅಂಗಡಿಯವರು ತೋಳು ಚಾಚಿ ನೋಡಿದರು. "ಹೌದಲ್ಲಮ್ಮ!" ಅಂದರು.

ನಿಜವಾಗಿಯೂ ಕಳ್ಳನೋಟೇ ಆಗಿದ್ದರೆ?

ಎಲ್ಲರಿಗೂ ಹೀಗೆ ಒಳ್ಳೆಯದೇ ಆಗುವುದಿಲ್ಲ. ನೋಟು ಖೋಟಾ ಎಂದೇ ಬ್ಯಾಂಕಿನವರು ಹೇಳಿದರೆ ಏನಾಗುತ್ತದೆ? ತಿಳಿದುಕೊಳ್ಳೋಣ.

ಬ್ಯಾಂಕಿನವರು ಆ ನೋಟನ್ನು ತಿರುಗಿ ಕೊಡುವುದಿಲ್ಲ. ಖೋಟಾ ನೋಟು ಎಂದು ಅದರ ಮೇಲೆ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಬದಲು ಹಣ ಸಿಗುವುದಿಲ್ಲ. ಇದು ಕಷ್ಟದ ಮಾತು. ದುಡಿದ ಹಣ ಹೋಗುತ್ತದೆ. ಆದರೆ ನಿಮಗೆ ಒಂದು ರಸೀದಿ ಕೊಡಲೇಬೇಕು. ಕೇಳಿ ಪಡೆಯಿರಿ. ಓದಿ ಸಹಿ ಹಾಕಿ.

ಒಂದು ಸಲಕ್ಕೆ ನಾಲ್ಕು ಖೋಟಾ ನೋಟುಗಳವರೆಗೆ ಸಿಕ್ಕರೆ, ತಿಂಗಳ ಕೊನೆಗೆ ಬ್ಯಾಂಕಿನವರು ಪೊಲೀಸರಿಗೆ ಒಟ್ಟಿಗೆ ವರದಿ ಕಳಿಸುತ್ತಾರೆ. ಐದು ಅಥವಾ ಹೆಚ್ಚು ಸಿಕ್ಕರೆ ಪೊಲೀಸ್ ದೂರು ದಾಖಲಾಗುತ್ತದೆ. ಆದ್ದರಿಂದ ಸಂಘದ ಹಣ ಕಟ್ಟುವ ಮೊದಲು ಒಂದೊಂದು ನೋಟನ್ನೂ ನೋಡಿ ತೆಗೆದುಕೊಳ್ಳಿ. ಯಾರು ಎಷ್ಟು ಕೊಟ್ಟರು ಎಂದು ಬರೆದಿಡಿ.

ಕಳ್ಳನೋಟು ಎಂದು ಗೊತ್ತಿದ್ದೂ ಬೇರೆಯವರಿಗೆ ದಾಟಿಸುವುದು ದೊಡ್ಡ ಅಪರಾಧ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಎಂಬ ಹೊಸ ಕಾನೂನು ಜಾರಿಯಲ್ಲಿದೆ. ಅದರ 179ನೇ ಕಲಂ ಪ್ರಕಾರ ಇದಕ್ಕೆ ಹತ್ತು ವರ್ಷದವರೆಗೆ ಸೆರೆವಾಸ, ಇಲ್ಲವೇ ಜೀವಾವಧಿ ಶಿಕ್ಷೆ ಆಗಬಹುದು. ದಂಡವೂ ಉಂಟು. ಗೊತ್ತಿದ್ದೂ, ನಡೆಸುವ ಉದ್ದೇಶದಿಂದ ಇಟ್ಟುಕೊಂಡರೂ ಅಪರಾಧವೇ. ಆದರೆ ನ್ಯಾಯವಾದ ದಾರಿಯಲ್ಲಿ ಕೈಗೆ ಬಂದದ್ದು ಎಂದು ತೋರಿಸಿದರೆ ಇಟ್ಟುಕೊಂಡದ್ದು ಅಪರಾಧ ಆಗುವುದಿಲ್ಲ ಎಂದು 180ನೇ ಕಲಂ ಹೇಳುತ್ತದೆ. ಬಟವಾಡೆಯ ಚೀಟಿ, ಅಂಗಡಿಯ ರಸೀದಿ ಜೋಪಾನ ಮಾಡಿ ಎನ್ನುವುದು ಇದಕ್ಕೇ.

ಅಕ್ಕನಿಗೆ ಸಂತೆಯಲ್ಲಿ ಯಾರೋ ಹೇಳಿದ ಬುದ್ಧಿ ನೆನಪಿದೆಯೇ? ಅದನ್ನು ಕೇಳಿದ್ದರೆ ಏನಾಗುತ್ತಿತ್ತು? ತರಗತಿಯಲ್ಲಿ ಮಾತಾಡಿ.

ನೋಟಿನ ಹಾಗೆ ಕಾಗದಪತ್ರವೂ

ಖೋಟಾ ಆಗುವುದು ನೋಟು ಮಾತ್ರ ಅಲ್ಲ. ಜಮೀನು ಮಾರಲು, ಸಾಲ ಪತ್ರ ಬರೆಯಲು ಮೊದಲು ಛಾಪಾ ಕಾಗದ ಬೇಕಾಗುತ್ತಿತ್ತು. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಎಂಬಾತ ಖೋಟಾ ಛಾಪಾ ಕಾಗದ ಅಚ್ಚು ಹಾಕಿಸಿ ದೇಶದ ತುಂಬ ಮಾರಿದ. ಬ್ಯಾಂಕುಗಳು, ವಿಮಾ ಕಂಪನಿಗಳು ಕೂಡ ಅವನ್ನು ಕೊಂಡು ಮೋಸಹೋದವು. 2000ದಲ್ಲಿ ಬೆಂಗಳೂರಿನಲ್ಲಿ ಅವನ ಕಡೆಯವರು ಸಿಕ್ಕಿಬಿದ್ದರು. 2001ರಲ್ಲಿ ತೆಲಗಿಯನ್ನು ಅಜ್ಮೇರಿನಲ್ಲಿ ಹಿಡಿದರು. ಆಮೇಲೆ ಅವನಿಗೆ 30 ವರ್ಷದ ಶಿಕ್ಷೆಯಾಯಿತು. 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ. ಮೋಸಹೋಗುವವರು ಓದು ಬಾರದವರು ಮಾತ್ರ ಎಂದು ತಿಳಿಯಬೇಡಿ. ನೋಡದೆ ನಂಬಿದವರೆಲ್ಲ ಮೋಸಹೋಗುತ್ತಾರೆ.

ಕಾಗದಪತ್ರ ಪರೀಕ್ಷಿಸಲೂ ನೇರಳಾತೀತ ಬೆಳಕು ಬೇಕಾಗುತ್ತದೆ. ಅಕ್ಷರ ಅಳಿಸಿ ಮತ್ತೆ ಬರೆದಿದ್ದರೆ ಅಳಿಸಿದ ಜಾಗ ಬೇರೆಯಾಗಿ ಕಾಣಬಹುದು. ಕಣ್ಣಿಗೆ ಒಂದೇ ಬಣ್ಣ ಅನಿಸುವ ಎರಡು ಶಾಯಿಗಳು ಆ ಬೆಳಕಿನಲ್ಲಿ ಬೇರೆ ಬೇರೆ ಕಾಣಬಹುದು. 1,000 ಎಂಬುದನ್ನು ತಿದ್ದಿ 7,000 ಮಾಡಿದ್ದರೆ ಹೀಗೆ ಪತ್ತೆಯಾಗುವುದುಂಟು. ಆದರೆ ಇದು ಪ್ರಯೋಗಾಲಯದ ತಜ್ಞರ ಕೆಲಸ.

ನಾವು ಮಾಡಬಹುದಾದ ಕೆಲಸ ಬೇರೆ. ಬೇರೆಯವರು ತಂದು ತೋರಿಸಿದ ಪಹಣಿಯನ್ನು ಹಾಗೇ ನಂಬಬಾರದು. ಸರ್ವೆ ನಂಬರು ಹೇಳಿ ನಾಡಕಚೇರಿಯಲ್ಲಿ ನಾವೇ ಹೊಸ ಪಹಣಿ ತೆಗೆಸಬೇಕು. ಈಗ ಬರುವ ಇ-ಸ್ಟಾಂಪಿನ ಮೇಲೆ ಒಂದು ನಂಬರು ಇರುತ್ತದೆ. ಅದು ಸರಿಯೇ ಎಂದು ಕಂಪ್ಯೂಟರಿನಲ್ಲಿ ನೋಡಿಸಬೇಕು. ಖಾಲಿ ಕಾಗದಕ್ಕೆ ಎಂದೂ ಸಹಿ ಹಾಕಬಾರದು. ಹೆಬ್ಬೆಟ್ಟೂ ಒತ್ತಬಾರದು.

ನೆನಪಿಡಿ

1. ನೋಟನ್ನು ಓದಿ. ಬೆಳಕಿಗೆ ಹಿಡಿಯಿರಿ. ಓರೆ ಮಾಡಿ. ಮುಟ್ಟಿ ನೋಡಿ.
2. ನೀಲಿ ದೀಪ ಒಂದು ಗುರುತು ಮಾತ್ರ. ಸೋಪು, ಅರಿಶಿನ ತಾಗಿದ ಅಸಲಿ ನೋಟೂ ಹೊಳೆಯುತ್ತದೆ.
3. ನೇರಳಾತೀತ ದೀಪವನ್ನು ನೇರವಾಗಿ ನೋಡಬೇಡಿ. ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ಕೆಡುಕು.
4. ಅನುಮಾನ ಬಂದ ನೋಟನ್ನು ಹರಿಯಬೇಡಿ, ಸುಡಬೇಡಿ, ದಾಟಿಸಬೇಡಿ. ಬ್ಯಾಂಕಿಗೆ ಕೊಂಡುಹೋಗಿ.
5. ಬ್ಯಾಂಕಿನವರು ನೋಟು ಇಟ್ಟುಕೊಂಡರೆ ರಸೀದಿ ಪಡೆಯಿರಿ.

ಹೊಸ ಪದಗಳು

ನೇರಳಾತೀತ: ನೇರಳೆಯ ಆಚೆಗಿನ, ಕಣ್ಣಿಗೆ ಕಾಣದ ಬೆಳಕು
ನೀರುಗುರುತು: ಕಾಗದದ ಒಳಗೆ ಮೂಡಿಸಿದ ಚಿತ್ರ
ಖೋಟಾ: ಸುಳ್ಳು, ನಕಲಿ
ಅಸಲಿ: ನಿಜವಾದದ್ದು
ರಸೀದಿ: ಕೊಟ್ಟದ್ದಕ್ಕೆ, ಪಡೆದದ್ದಕ್ಕೆ ಬರೆದುಕೊಡುವ ಚೀಟಿ

ಉತ್ತರ ಬರೆಯಿರಿ

1. ಅಕ್ಕನ ನೋಟು ದೀಪದ ಕೆಳಗೆ ಯಾಕೆ ಹೊಳೆಯಿತು?
2. ಅಂಗಡಿಯವರ ಅಂಗಿ ನೋಡಿ ಅಕ್ಕನಿಗೆ ಯಾವ ಪ್ರಶ್ನೆ ಬಂತು?
3. ಕರ್ನಾಟಕದಲ್ಲಿ ನೋಟು ಅಚ್ಚಾಗುವ ಊರು ಯಾವುದು?
4. ನಿಮ್ಮ ಹತ್ತಿರ ಇರುವ ಒಂದು ನೋಟಿನಿಂದ ಕನ್ನಡದ ಸಾಲನ್ನು ನೋಡಿ ಬರೆಯಿರಿ.

ಮಾಡಿ ನೋಡಿ

ಇಂದು ಮನೆಗೆ ಹೋಗಿ ಅತ್ತೆಗೆ, ಮಗಳಿಗೆ, ಪಕ್ಕದ ಮನೆಯವರಿಗೆ ನೋಟಿನ ನಾಲ್ಕು ಗುರುತು ತೋರಿಸಿ. ಅವರಿಂದ ಒಂದು ಸಲ ಹೇಳಿಸಿ. ನಾಳೆ ತರಗತಿಗೆ ಬಂದು ಎಷ್ಟು ಜನಕ್ಕೆ ಹೇಳಿಕೊಟ್ಟಿರಿ ಎಂದು ಲೆಕ್ಕ ಕೊಡಿ.